ಲೋಹದ ಮೇಲಣ ಲೋಹಪಟಲ: ಎಲೆಕ್ಟ್ರಾನುಗಳ ಸಾಮೂಹಿಕ ಸ್ಪಂದನದ ಚರಿತ್ರೆ

ಒಂದು ಲೋಹದ ಮೈಮೇಲೆ ಮತ್ತೊಂದು ಲೋಹವನ್ನು ಒಂದೇ ಪರಮಾಣುವಿನ ದಪ್ಪಕ್ಕೆ ಹರಡಿದರೆ, ಆ ಪಟಲವನ್ನು ಲೋಹವೆಂದು ಕರೆಯಬಹುದೇ? ಈ ಪ್ರಶ್ನೆಗೆ ಸಂಬಂಧಿಸಿದ ಎರಡು ವಿಚಾರಧಾರೆಗಳು ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಒಬ್ಬನೇ ವಿಜ್ಞಾನಿಯ ಕೈಯಲ್ಲಿ ರೂಪುಗೊಂಡರೂ ಬಹುಕಾಲ ಬೇರೆಬೇರೆಯಾಗಿಯೇ ಹರಿದುವೆಂಬುದು ಗಮನಾರ್ಹವಾದುದು.

ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯಲ್ಲಿ ಲ್ಯಾಂಗ್‌ಮ್ಯೂರನೂ ಕಿಂಗ್ಡನನೂ 1923ರಲ್ಲಿ ಟಂಗ್‌ಸ್ಟನ್ನಿನ ಮೇಲೆ ಸೀಸಿಯಂ ಆವಿಯ ಪರಿಣಾಮವನ್ನು ಪರೀಕ್ಷಿಸಿದರು. ಟಂಗ್‌ಸ್ಟನ್ನಿನಿಂದ ಒಂದು ಎಲೆಕ್ಟ್ರಾನನ್ನು ಹೊರಗೆಳೆಯಲು ಸುಮಾರು 4.5 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಸೀಸಿಯಂ ಲೇಪದಿಂದ ಅದು 2ಕ್ಕಿಂತಲೂ ಕೆಳಗಿಳಿಯುತ್ತದೆ. ಆದರೆ ಮೊದಲನೆಯ ಪದರವು ಪೂರ್ಣವಾಗುವುದಕ್ಕೆ ಮುನ್ನವೇ ಇಳಿತವು ನಿಂತು ಏರಿಕೆ ತೊಡಗುತ್ತದೆ. ವಿರಳವಾಗಿದ್ದ ಪರಮಾಣುಗಳು ಒತ್ತಾಗಿ ನೆರೆದಾಗ ಅವುಗಳ ನಡತೆಯೇ ಬೇರೆಯಾಗುವುದೆಂಬುದಕ್ಕೆ ಇದು ಸೂಚನೆ.

ಎರಡನೆಯ ಧಾರೆಯು ಅನಿಲಗಳಿಗೆ ಸೇರಿದುದು. ವಿದ್ಯುದಾವಿಷ್ಟ ಅನಿಲಕ್ಕೆ 1928ರಲ್ಲಿ ‘ಪ್ಲಾಸ್ಮಾ’ ಎಂಬ ಹೆಸರನ್ನಿತ್ತ ಲ್ಯಾಂಗ್‌ಮ್ಯೂರನು, 1929ರಲ್ಲಿ ಟಾಂಕ್ಸನೊಡನೆ ಅದರ ಎಲೆಕ್ಟ್ರಾನುಗಳ ಆಂದೋಲನವನ್ನು ವಿವರಿಸಿದನು. ಗಾಳಿ ಬೀಸಿದಾಗ ತೆನೆಗಳು ನಿಂತಲ್ಲಿಯೇ ಬಾಗಿ ಅಲೆಯು ಮಾತ್ರ ಗದ್ದೆಯುದ್ದಕ್ಕೂ ಸಾಗುವಂತೆ, ಇಲ್ಲಿ ಚಲನೆಯು ಸಮೂಹದ್ದು, ಬಿಡಿ ಕಣದ್ದಲ್ಲ.

ಘನಲೋಹಕ್ಕೂ ಈ ತತ್ತ್ವವು ಸಲ್ಲುವುದೆಂದು ಬೋಮ್ ಮತ್ತು ಪೈನ್ಸ್ 1951-53ರಲ್ಲಿ ನಿರೂಪಿಸಿದರು. ಅಲ್ಯೂಮಿನಿಯಂ ಹಾಳೆಯನ್ನು ಹಾಯ್ದ ವೇಗದ ಎಲೆಕ್ಟ್ರಾನುಗಳು ಸುಮಾರು 15 ಎಲೆಕ್ಟ್ರಾನ್‌ವೋಲ್ಟುಗಳ ಕಂತುಗಳಲ್ಲಿ ಶಕ್ತಿಯನ್ನು ಕಳೆದುಕೊಳ್ಳುವುದೇಕೆಂಬುದು ಇದರಿಂದ ಸ್ಪಷ್ಟವಾಯಿತು. ಹಾಳೆಯ ಮೇಲ್ಮೈಗೆ ಇದಕ್ಕಿಂತ ಕಡಿಮೆ ಶಕ್ತಿಯ ಪ್ರತ್ಯೇಕ ಸ್ಪಂದನವುಂಟೆಂದು 1957ರಲ್ಲಿ ರಿಚಿ ಗಣಿತದಿಂದ ತೋರಿಸಿದನು. 1959ರಲ್ಲಿ ಪೊವೆಲ್ ಮತ್ತು ಸ್ವಾನ್ ಸುಮಾರು 10 ಎಲೆಕ್ಟ್ರಾನ್‌ವೋಲ್ಟಿನಲ್ಲಿ ಅದನ್ನು ಪ್ರಯೋಗದಿಂದ ದೃಢಪಡಿಸಿದರು.

ಎರಡು ಧಾರೆಗಳ ಸಂಗಮವು 1969ರಲ್ಲಿ ಕಾಣಬರುತ್ತದೆ. ಬೆಲ್ ಪ್ರಯೋಗಶಾಲೆಯ ಮ್ಯಾಕ್‌ರೇ ಮತ್ತು ಸಂಗಡಿಗರು ಅದೇ ಟಂಗ್‌ಸ್ಟನ್ನಿನ ಮೇಲಣ ಅದೇ ಸೀಸಿಯಂ ಪಟಲಕ್ಕೆ ಮಂದಗತಿಯ ಎಲೆಕ್ಟ್ರಾನುಗಳನ್ನು ತಾಗಿಸಿ, ಅವುಗಳ ಶಕ್ತಿನಷ್ಟದಿಂದ ಪಟಲದ ಸ್ವರೂಪವನ್ನು ವಿವೇಚಿಸಿದರು. ಲ್ಯಾಂಗ್‌ಮ್ಯೂರನು ಬೇರೆಬೇರೆಯಾಗಿ ಕಂಡಿದ್ದ ಪಟಲವೂ ಸ್ಪಂದನವೂ ಇಲ್ಲಿ ಒಂದೇ ಪ್ರಶ್ನೆಯ ಎರಡು ಮುಖಗಳಾದುವು.

ಆದರೂ ಪಟಲದ ಸ್ಪಂದನವು ಪೂರ್ಣವಾಗಿ ಪಟಲದ್ದೇ ಎನ್ನಲಾಗದು. ಕೆಳಗಣ ಲೋಹದ ಎಲೆಕ್ಟ್ರಾನುಗಳು ಅದರ ಶಕ್ತಿಯನ್ನು ಹೀರಿ, ಅದರ ಆಯುಸ್ಸನ್ನು ಕುಂದಿಸುತ್ತವೆ. ಆದುದರಿಂದ ಇಷ್ಟು ದಪ್ಪವಿದ್ದರೆ ಲೋಹವೆಂದು ಅಳತೆಗೋಲಿನಿಂದ ಮಾತ್ರ ಗೆರೆಯೆಳೆಯುವುದು ಸಾಧುವಲ್ಲ. ಪಟಲದ ಪರಮಾಣುಗಳ ಸಾಂದ್ರತೆಯನ್ನೂ ಆಧಾರಲೋಹದ ಸ್ವಭಾವವನ್ನೂ ಕೂಡಿಯೇ ಲೋಹತ್ವವನ್ನು ನಿರ್ಣಯಿಸಬೇಕಾಗುತ್ತದೆ.