ಹೊಸ್ತಿಲಾಚೆ ನಿಂತ ವಿಮೆ



ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡ ಸಂಗತಿ ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರ್ಕಾರದ ವಿಮೆಯೇ ಭರಿಸಿತು. ಆ ಉಪಕಾರವನ್ನು ಮರೆಯುವವನು ನಾನಲ್ಲ. ಆದರೆ ಮನೆಗೆ ಕಳುಹಿಸುವ ದಿನ ವೈದ್ಯರು, ಕುಕ್ಕರುಗಾಲಲ್ಲಿ ಕೂಡಬಾರದು, ವಾಕರ್ ಹಿಡಿದೇ ನಡೆಯಬೇಕು, ಶೌಚಕ್ಕೆ ಕಮೋಡ್ ಕುರ್ಚಿ ಬೇಕು ಎಂದು ವಿಧಿಸಿದರು. ಇವೂ ವಿಮೆಯಲ್ಲಿ ಬರುತ್ತವೆಯೇ ಎಂದು ಕೌಂಟರಿನಲ್ಲಿ ಕೇಳಿದೆ. "ಅವು ಮನೆಯ ಸಾಮಾನು, ಚಿಕಿತ್ಸೆಯಲ್ಲ" ಎಂಬ ಉತ್ತರ ಬಂತು.

ರಟ್ಟೀಹಳ್ಳಿಯ ನಮ್ಮ ಹಳೆಯ ಮನೆಯ ಹೊಸ್ತಿಲು ಮೊಳಕಾಲಿನ ಅರ್ಧದಷ್ಟು ಎತ್ತರ. ಅದರ ಮುಂದೆ ನಿಂತು ಅಕ್ಕ ಅಂದಳು: "ಕಾಲೇನೋ ಕೂಡಿಸಿ ಕೊಟ್ರು ತಮ್ಮಾ, ಈ ಹೊಸ್ತಿಲಾ ದಾಟಿಸೋರು ಯಾರು?" ಇತಿಹಾಸ ಪಾಠ ಹೇಳಿ ಬದುಕಿದ ನನಗೆ ಆ ಪ್ರಶ್ನೆಯ ಬೆನ್ನು ಹತ್ತದೆ ಇರಲಾಗಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಭಾಗದಲ್ಲಿ ಆಯದ ಪದ್ಧತಿ ಇನ್ನೂ ಉಳಿದಿತ್ತು. ಬಡಿಗ, ಕಮ್ಮಾರ ಮೊದಲಾದವರು ವರ್ಷವಿಡೀ ರೈತನ ಕೆಲಸ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು. ನನ್ನ ಅಜ್ಜನಿಗೆ ಊರುಗೋಲು ಬೇಕಾದಾಗ ನಮ್ಮ ಬಡಿಗೇರರು ಕೂರಿಗೆ ಕುಂಟೆಗಳ ಜೊತೆಗೇ ಅದನ್ನೂ ಮಾಡಿಕೊಟ್ಟರು. ಬೇರೆ ದುಡ್ಡು ಕೇಳಲಿಲ್ಲ. ಆ ಪದ್ಧತಿಯಲ್ಲಿ ಜಾತಿಯ ಕಟ್ಟು, ದುಡಿದವನಿಗೆ ಅನ್ಯಾಯ ಎರಡೂ ಇದ್ದವು. ಅದು ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ನೇಗಿಲೂ ಊರುಗೋಲೂ ಒಂದೇ ಲೆಕ್ಕದಲ್ಲಿದ್ದವು ಎಂಬುದನ್ನು ಮಾತ್ರ ಗಮನಿಸಿರಿ.

ಸ್ವಾತಂತ್ರ್ಯಾನಂತರ ವಿಮೆಯೆಂಬುದು ಮೊದಲು ಬಂದದ್ದು ಕಾರ್ಖಾನೆಯ ಕಾರ್ಮಿಕರಿಗೆ. 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ಆಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಪ್ರಾರಂಭವಾಯಿತು. ಹೊಲದಲ್ಲಿ ದುಡಿಯುವವನಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಅವನ ಸರದಿ ಬರಲು ಅರ್ಧ ಶತಮಾನವೇ ಕಳೆಯಿತು. 2003ರ ಜೂನ್‌ನಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಯಶಸ್ವಿನಿ ಜಾರಿಗೆ ಬಂತು. ಡಾ. ದೇವಿ ಶೆಟ್ಟಿಯವರ ಚಿಂತನೆ ಅದರ ಹಿಂದಿತ್ತು. ಮೊದಲ ವರ್ಷ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ. ಅಷ್ಟು ಸಣ್ಣ ವಂತಿಗೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯೂ ದೊರೆಯುತ್ತದೆ ಎಂಬುದು ಅಂದು ನಂಬಲಾಗದ ಮಾತಾಗಿತ್ತು. ಆದರೆ ಆ ಯೋಜನೆ ಶಸ್ತ್ರಚಿಕಿತ್ಸೆಗಳ ಪಟ್ಟಿಯ ಮೇಲೆ ನಿಂತದ್ದು. ಕೃತಕ ಅಂಗಗಳು ಅದರ ಹೊರಗೇ ಉಳಿದವು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2023ರ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ಆರಂಭವಾಯಿತು.

2018ರಲ್ಲೇ ಕೇಂದ್ರದ ಆಯುಷ್ಮಾನ್ ಭಾರತವೂ ಬಂದು ರಾಜ್ಯದ ಯೋಜನೆಯೊಡನೆ ಕೂಡಿಕೊಂಡಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ! ಕೇಂದ್ರದ ನಿಯಮದಂತೆ ಆಸ್ಪತ್ರೆ ಬಿಟ್ಟ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳೂ ಅದರಲ್ಲಿ ಸೇರಿವೆ. ಮೂಳೆಯೊಳಗೆ ಕೂಡಿಸುವ ಲೋಹದ ಪಟ್ಟಿಗೆ ಲೆಕ್ಕವುಂಟು. ಅದೇ ಮೂಳೆಯ ಮೇಲೆ ಭಾರ ಬೀಳದಂತೆ ಕಾಯುವ ವಾಕರಿಗೆ ಇಲ್ಲ. ನಮ್ಮ ವಿಮೆಯ ಕಣ್ಣಿನಲ್ಲಿ ರೋಗವೆಂಬುದು ಆಸ್ಪತ್ರೆಯ ಹಾಸಿಗೆಯ ಮೇಲಷ್ಟೇ ಇರುತ್ತದೆ.

ಹಾಗಾದರೆ ಸರ್ಕಾರ ಸಾಧನಗಳನ್ನು ಕೊಡುವುದೇ ಇಲ್ಲವೆ? ಕೊಡುತ್ತದೆ, ಆದರೆ ಬೇರೊಂದು ಬಾಗಿಲಿನಿಂದ. ಕೃತಕ ಅಂಗಗಳನ್ನು ತಯಾರಿಸುವ ಅಲಿಮ್ಕೊ ಸಂಸ್ಥೆ ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾಯಿತು. ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಆಚರಿಸಿದ 1981ರಿಂದ, ಅಂಗವಿಕಲರಿಗೆ ಸಾಧನ ನೀಡುವ ಕೇಂದ್ರದ ಎಡಿಐಪಿ ಯೋಜನೆ ನಡೆದಿದೆ. ಇದು ವಿಮೆಯಲ್ಲ, ಸಹಾಯ. ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು, ವರಮಾನದ ಮಿತಿಯುಂಟು. 2017ರ ಏಪ್ರಿಲ್ 1ರಂದು ನೆಲ್ಲೂರಿನಲ್ಲಿ ಪ್ರಾರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ, ಬಡತನದಲ್ಲಿರುವ 60 ದಾಟಿದವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಉಚಿತವಾಗಿ ಕೊಡಲೆಂದು ಬಂದದ್ದು. ಅದರ ಹಣದ ಮೂಲ ಸ್ವಾರಸ್ಯಕರವಾಗಿದೆ: ಸಣ್ಣ ಉಳಿತಾಯ, ಭವಿಷ್ಯನಿಧಿ ಮೊದಲಾದ ಖಾತೆಗಳಲ್ಲಿ ಯಾರೂ ಕೇಳದೆ ಉಳಿದ ಹಣದಿಂದ ಕೂಡಿದ ನಿಧಿ.

ಯೋಜನೆಗಳೇನೋ ಒಳ್ಳೆಯವೇ. ಆದರೆ ಇವು ಶಿಬಿರಗಳ ಮೂಲಕ ನಡೆಯುತ್ತವೆ. ಮೊದಲು ಅಳತೆಯ ಶಿಬಿರ, ಬಳಿಕ ಯಾವಾಗಲೋ ವಿತರಣೆಯ ಶಿಬಿರ. ಪೋಲಿಯೊದಿಂದ ಕಾಲು ಸೋತು ಜೀವಮಾನವಿಡೀ ಸಾಧನ ಬಳಸುವವರಿಗಾಗಿ ರೂಪುಗೊಂಡ ಕ್ರಮವದು. ಸೊಂಟ ಮುರಿದ ಮುದುಕಿಗೆ ವಾಕರ್ ಬೇಕಾದದ್ದು ಇಂದು ಸಂಜೆ. ಆರು ತಿಂಗಳ ಮೇಲೆ ಬಂದರೆ ಅಷ್ಟರಲ್ಲಿ ಆಕೆ ನಡೆಯುತ್ತಿರುತ್ತಾಳೆ, ಇಲ್ಲವೇ ಎಂದೆಂದಿಗೂ ಹಾಸಿಗೆ ಹಿಡಿದಿರುತ್ತಾಳೆ. ಒಂದು ಬಾಗಿಲು ಆಕೆಯನ್ನು ಗುಣವಾದವಳೆನ್ನುತ್ತದೆ; ಇನ್ನೊಂದು, ಇನ್ನೂ ಅಂಗವಿಕಲಳಲ್ಲವೆನ್ನುತ್ತದೆ. ನಡುವಿನ ಅಂಗಳದಲ್ಲಿ ಆಕೆ ನಿಂತಿರುತ್ತಾಳೆ.

ಎಲ್ಲ ದೇಶಗಳೂ ಹೀಗೆ ಮಾಡಲಿಲ್ಲ. ಅಮೆರಿಕದಲ್ಲಿ 1965ರಲ್ಲಿ ಕಾಯ್ದೆಯಾದ ಮೆಡಿಕೇರ್, ಮನೆಯಲ್ಲಿ ಬಳಸುವ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿಗಳನ್ನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತದೆ. ವೈದ್ಯರು ಬರೆದುಕೊಟ್ಟರೆ, ವರ್ಷದ ಆರಂಭಿಕ ವೆಚ್ಚವನ್ನು ರೋಗಿ ಭರಿಸಿದ ಮೇಲೆ, ಶೇಕಡಾ 80ರಷ್ಟನ್ನು ವಿಮೆ ಕೊಡುತ್ತದೆ. ಅಲ್ಲಿಯೂ ಕೊರತೆಯಿಲ್ಲದಿಲ್ಲ, ಬಚ್ಚಲಿನ ಗೋಡೆಗೆ ಹಾಕುವ ಹಿಡಿಕೆಯನ್ನು ಅದು ಒಪ್ಪುವುದಿಲ್ಲ. ಆದರೂ ಮನೆಯೂ ಚಿಕಿತ್ಸೆಯ ಸ್ಥಳವೆಂಬ ಮಾತನ್ನು ಒಪ್ಪಿಕೊಂಡಿತಲ್ಲ! ನಮ್ಮಲ್ಲಿಯೂ ಮೂಳೆಯ ಶಸ್ತ್ರಚಿಕಿತ್ಸೆಯ ಮೊತ್ತದಲ್ಲೇ ವಾಕರ್ ಸೇರಿಸಿದರೆ, ಸೇರುವ ಹಣ ಇಡೀ ವೆಚ್ಚದೆದುರು ಅಲ್ಪ. ನಿಮ್ಮಲ್ಲಿ ವೈದ್ಯರಿದ್ದೀರಿ, ಅಧಿಕಾರಿಗಳಿದ್ದೀರಿ. ಇದನ್ನು ಹೇಳಬೇಕಾದಲ್ಲಿ ಹೇಳಿರಿ.

ಅದು ಆಗುವವರೆಗೆ ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ತಿಳಿದಿರಿ. ಆಸ್ಪತ್ರೆ ಬಿಡುವ ಮುನ್ನ ಬೇಕಾದ ಸಾಧನಗಳ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ ಶಿಬಿರದ ದಿನಾಂಕ ವಿಚಾರಿಸಿರಿ. ಹಿರಿಯರ ಆಧಾರ್, ಪಡಿತರ ಚೀಟಿಗಳ ಪ್ರತಿ ಸಿದ್ಧವಿರಲಿ.

ನಮ್ಮ ವಾಕರನ್ನು ರಾಣೆಬೆನ್ನೂರಿನಿಂದ ಕೊಂಡು ತಂದೆವು. ಕಮೋಡ್ ಕುರ್ಚಿಯನ್ನು ಮಾಡಿಕೊಟ್ಟವರು ಅದೇ ಬಡಿಗೇರ ಮನೆತನದ ಮೊಮ್ಮಗ. ಹೊಸ್ತಿಲಿಗೆ ಇಳಿಜಾರು ಹಲಗೆಯನ್ನೂ ಹಾಕಿಕೊಟ್ಟರು. ಈ ಸಲ ಕಾಳಿನ ಬದಲು ನೋಟು ಎಣಿಸಿದೆ. ನಾಲ್ಕು ತಿಂಗಳ ಮೇಲೆ ಅಕ್ಕ ಕೋಲು ಹಿಡಿದು ಕದಂಬೇಶ್ವರನ ಗುಡಿಯವರೆಗೆ ನಡೆದಳು. ವಾಕರ್ ಈಗ ಊರಿನ ಮೂರನೆಯ ಮನೆಯಲ್ಲಿದೆ. ನಿಮ್ಮ ಮನೆಯ ಅಟ್ಟದ ಮೇಲೆ ಅಂಥದೊಂದು ಸುಮ್ಮನೆ ಕುಳಿತಿದ್ದರೆ ದಯವಿಟ್ಟು ಕೆಳಗಿಳಿಸಿರಿ. ಯಾರೋ ಒಬ್ಬ ತಾಯಿ ಹೊಸ್ತಿಲ ಮುಂದೆ ನಿಂತಿರಬಹುದು.