260 ಡಾಲರ್, 23 ಆಟಗಾರರು: ಬೆಲೆ ಕಟ್ಟೋ ಲೆಕ್ಕ ಹುಟ್ಟಿದ ಕಥೆ

1/7
ಒಂದು ನಿಮಿಷ ಹೀಗೆ ಅಂದ್ಕೊಳ್ಳಿ. ನಿಮ್ಮ ಕೈಯಲ್ಲಿ 260 ಡಾಲರ್ ಇದೆ. ಅಷ್ಟರಲ್ಲೇ 23 ಬೇಸ್‌ಬಾಲ್ ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಮೇಜಿನ ಸುತ್ತ ಕೂತ ಇನ್ನೂ 11 ಸ್ನೇಹಿತರ ಹತ್ತಿರವೂ ಅಷ್ಟೇ ದುಡ್ಡು. ಯಾರೋ ಒಬ್ಬ ದೊಡ್ಡ ಹೊಡೆತಗಾರನ ಹೆಸರು ಕೂಗಿದರು. 20... 25... 30... ಈಗ ಹೇಳಿ, ನೀವು ಎಷ್ಟಕ್ಕೆ ನಿಲ್ಲಿಸ್ತೀರಿ?

ಇದೇ ಫ್ಯಾಂಟಸಿ ಬೇಸ್‌ಬಾಲ್. ಆಟಗಾರರು ನಿಜ, ತಂಡ ಮಾತ್ರ ಕಾಗದದ ಮೇಲಿನದು. ನೀವು ಕೊಂಡ ಆಟಗಾರ ನಿಜವಾದ ಮೈದಾನದಲ್ಲಿ ಏನು ಮಾಡ್ತಾನೋ ಅದು ನಿಮ್ಮ ಲೆಕ್ಕಕ್ಕೆ ಸೇರುತ್ತೆ. "ಎಷ್ಟಕ್ಕೆ ನಿಲ್ಲಿಸಬೇಕು" ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಸಿಗೋಕೆ ಅಮೆರಿಕದ ಅಭಿಮಾನಿಗಳಿಗೆ ಹೆಚ್ಚುಕಡಿಮೆ ನಲವತ್ತು ವರ್ಷ ಬೇಕಾಯ್ತು. ಬೇಸ್‌ಬಾಲ್ ಗೊತ್ತಿಲ್ಲದಿದ್ರೂ ಓದಿ. ಐಪಿಎಲ್ ಹರಾಜು ನೋಡಿದವರಿಗೆ ಇದು ಅರ್ಥವಾಗೋ ಕಥೆಯೇ.

2/7
ಶುರುವಾಗಿದ್ದು ಒಬ್ಬ ಸಮಾಜಶಾಸ್ತ್ರಜ್ಞನಿಂದ. 1960ರಲ್ಲಿ ಬೋಸ್ಟನ್‌ನಲ್ಲಿ ವಿಲಿಯಂ ಗ್ಯಾಮ್ಸನ್ ಕೆಲವು ಗೆಳೆಯರನ್ನು ಸೇರಿಸಿಕೊಂಡು ಒಂದು ಆಟ ಕಟ್ಟಿದರು. ಸುಳ್ಳು ದುಡ್ಡಿನಲ್ಲಿ ಆಟಗಾರರನ್ನು ಹರಾಜು ಕೂಗೋದು, ವರ್ಷದ ಕೊನೆಗೆ ಅಂಕಿಅಂಶ ಕೂಡಿ ಗೆದ್ದವರನ್ನು ನೋಡೋದು. ಅದಕ್ಕಿಟ್ಟ ಹೆಸರು "ಬೇಸ್‌ಬಾಲ್ ಸೆಮಿನಾರ್". ಹೆಸರು ಕೇಳಿದ್ರೆ ಯಾರಿಗೂ ಜೂಜಿನ ವಾಸನೆ ಬರಬಾರದು, ಅಲ್ವಾ!

ಗ್ಯಾಮ್ಸನ್ ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸೆಮಿನಾರೂ ಅವರ ಜೊತೆ ಹೋಯ್ತು. ಅಲ್ಲಿ ಆಡಿದವರಲ್ಲಿ ಇತಿಹಾಸದ ಪ್ರಾಧ್ಯಾಪಕ ರಾಬರ್ಟ್ ಸ್ಕ್ಲಾರ್ ಒಬ್ಬರು. ಅವರ ಶಿಷ್ಯ ಡೇನಿಯಲ್ ಓಕ್ರೆಂಟ್. ಮೇಷ್ಟ್ರ ಬಾಯಲ್ಲಿ ಕೇಳಿದ ಈ ಆಟ ಹುಡುಗನ ತಲೆಯಲ್ಲಿ ಹತ್ತು ವರ್ಷ ಹಾಗೇ ಕೂತಿತ್ತು.

3/7
ಈಗ 1979ರ ನವೆಂಬರ್‌ಗೆ ಬನ್ನಿ. ಆ ತಿಂಗಳು ಎರಡು ಘಟನೆ.

ಒಂದು, ಪಿಚರ್ ನೋಲನ್ ರಯಾನ್ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಜೊತೆ ವರ್ಷಕ್ಕೆ 10 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡರು. ಬೇಸ್‌ಬಾಲ್‌ನಲ್ಲಿ ಅಷ್ಟು ಸಂಬಳ ಅದೇ ಮೊದಲು. ಅದಕ್ಕೂ ಹಿಂದೆ ಹಲವು ದಶಕ ಆಟಗಾರ ಒಂದು ತಂಡಕ್ಕೆ ಸಹಿ ಹಾಕಿದ ಅಂದ್ರೆ ಮುಗೀತು, ಮಾಲೀಕ ಬಿಡೋವರೆಗೂ ಅಲ್ಲೇ ಇರಬೇಕಿತ್ತು. 1975ರ ಡಿಸೆಂಬರ್‌ನಲ್ಲಿ ಒಬ್ಬ ಮಧ್ಯಸ್ಥಗಾರನ ತೀರ್ಪು ಆ ಕಟ್ಟು ಬಿಚ್ಚಿತು. ಆಟಗಾರನ ಬೆಲೆ ಮಾಲೀಕನ ಕೋಣೆಯಿಂದ ಪೇಟೆಗೆ ಬಂತು, ಪತ್ರಿಕೆಯಲ್ಲಿ ಅಚ್ಚಾಯ್ತು.

ಎರಡು, ಅದೇ ತಿಂಗಳು ಟೆಕ್ಸಾಸ್‌ಗೆ ಹೋಗೋ ವಿಮಾನದಲ್ಲಿ ಕೂತು ಓಕ್ರೆಂಟ್ ತಮ್ಮ ಆಟದ ನಿಯಮ ಬರೆದರು. ನ್ಯೂಯಾರ್ಕಿನ "ಲಾ ರೊಟಿಸರಿ ಫ್ರಾಂಸೇಸ್" ಅನ್ನೋ ಹೋಟೆಲಲ್ಲಿ ಊಟ ಮಾಡ್ತಾ ಗೆಳೆಯರಿಗೆ ವಿವರಿಸಿದರು. ಆ ಹೋಟೆಲಿನಿಂದಲೇ ಆಟಕ್ಕೆ "ರೊಟಿಸರಿ" ಅಂತ ಹೆಸರು ಬಂತು. 1980ರ ಏಪ್ರಿಲ್‌ನಲ್ಲಿ ಮೊದಲ ಹರಾಜು.

ಲೆಕ್ಕ ಸರಳ. ಎಂಟು ವಿಭಾಗ. ಬ್ಯಾಟಿಂಗ್‌ಗೆ ನಾಲ್ಕು, ಪಿಚಿಂಗ್‌ಗೆ ನಾಲ್ಕು. ಹೋಮ್ ರನ್, ಅಂದ್ರೆ ನಮ್ಮ ಸಿಕ್ಸರ್ ಥರದ ಹೊಡೆತ, ಒಂದು ವಿಭಾಗ. ಬೇಸ್ ಕದಿಯೋದು, ಅಂದ್ರೆ ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡೋದು, ಇನ್ನೊಂದು. ಪ್ರತಿ ವಿಭಾಗದಲ್ಲೂ ತಂಡಗಳನ್ನು ಸಾಲಾಗಿ ನಿಲ್ಲಿಸ್ತಾರೆ. 12 ತಂಡ ಇದ್ರೆ ಮೊದಲನೆಯದಕ್ಕೆ 12 ಅಂಕ, ಕೊನೆಯದಕ್ಕೆ 1. ಎಲ್ಲಾ ಕೂಡಿದಾಗ ಹೆಚ್ಚು ಅಂಕ ಇದ್ದವರು ಗೆದ್ದರು. 260 ಡಾಲರ್, 23 ಆಟಗಾರರು ಅನ್ನೋ ಅಳತೆ ಮುಂದೆ ಎಲ್ಲೆಡೆ ರೂಢಿಯಾಯ್ತು.

4/7
ಮೊದಲ ವರ್ಷ ಬೆಲೆ ಹೇಗೆ ಕಟ್ಟಿದ್ರು? ನೆನಪು, ಹೆಸರು, ಹಳೇ ಅಂಕಿ. ಅಷ್ಟೇ.

ಅದರ ಫಲ 1981ರಲ್ಲಿ ಓಕ್ರೆಂಟ್ "ಇನ್ಸೈಡ್ ಸ್ಪೋರ್ಟ್ಸ್" ಪತ್ರಿಕೆಗೆ ಬರೆದ ಲೇಖನದ ತಲೆಬರಹದಲ್ಲೇ ಇದೆ: ಜಾರ್ಜ್ ಫಾಸ್ಟರ್ 36 ಡಾಲರಿಗೆ ಬಾಳದ ವರ್ಷ ಅಂತ. ಸಿನ್ಸಿನಾಟಿಯ ಈ ಫಾಸ್ಟರ್ 1977ರಲ್ಲಿ 52 ಹೋಮ್ ರನ್ ಹೊಡೆದಿದ್ದ. 1980ರಲ್ಲಿ ಹೊಡೆದಿದ್ದು 25. ಕೆಟ್ಟ ಆಟವೇನಲ್ಲ. ಆದ್ರೆ ಕೊಟ್ಟ ಬೆಲೆಗೆ ತಕ್ಕದ್ದಲ್ಲ.

ಇಲ್ಲಿ ಮೊದಲ ಪಾಠ: ಬೆಲೆ ಕಟ್ಟಬೇಕಾದ್ದು ಅವನು ಮಾಡಿದ್ದಕ್ಕಲ್ಲ, ಮುಂದೆ ಮಾಡೋದಕ್ಕೆ. ಕ್ಯಾನ್ಸಸ್‌ನ ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯ್ತಾ ಅಂಕಿಅಂಶ ಬರೀತಿದ್ದ ಬಿಲ್ ಜೇಮ್ಸ್ ತಮ್ಮ ಮೊದಲ "ಬೇಸ್‌ಬಾಲ್ ಆಬ್‌ಸ್ಟ್ರಾಕ್ಟ್" ಪುಸ್ತಕವನ್ನು 1977ರಲ್ಲಿ ಸ್ವಂತ ಖರ್ಚಿನಲ್ಲಿ ತಂದಿದ್ದರು. ಹಳೇ ಅಂಕಿಯಿಂದ ಮುಂದಿನದನ್ನು ಊಹಿಸೋಕೆ ಒಂದು ಶಿಸ್ತು ಬೇಕು ಅನ್ನೋದನ್ನ ಅವರ ಬರಹ ಜನಕ್ಕೆ ಕಲಿಸಿತು.

5/7
ಆದ್ರೆ ಊಹೆ ಸರಿಯಾದ್ರೂ ಬೆಲೆ ಸಿಗಲ್ಲ. "ಇವನು 25 ಹೋಮ್ ರನ್ ಹೊಡೀತಾನೆ" ಅಂತ ಗೊತ್ತಾಯ್ತು. ಅದು ಎಷ್ಟು ಡಾಲರ್?

ಇಲ್ಲಿ ಎರಡು ಸಂಗತಿ ಬೇಕು, ಪೆನ್ನು ಹಿಡ್ಕೊಳ್ಳಿ.

ಒಂದು: ಒಟ್ಟು ದುಡ್ಡಿಗೆ ಮಿತಿ ಇದೆ. 12 ತಂಡ ಇಂಟು 260, ಅಂದ್ರೆ 3,120 ಡಾಲರ್. ಕೊಳ್ಳೋದು 276 ಆಟಗಾರರನ್ನ. ಪ್ರತಿಯೊಬ್ಬನಿಗೂ ಕನಿಷ್ಠ 1 ಡಾಲರ್ ತೆಗೆದಿಟ್ರೆ ಉಳಿಯೋದು 2,844. ನಿಜವಾದ ಪೈಪೋಟಿ ಈ ದುಡ್ಡಿಗೆ ಮಾತ್ರ.

ಎರಡು: ಆ 276ರಲ್ಲಿ ಕೊನೆಯವನು ಯಾರು? ಅವನು 1 ಡಾಲರಿಗೆ ಯಾರಿಗಾದ್ರೂ ಸಿಗ್ತಾನೆ. ಅವನು 12 ಹೋಮ್ ರನ್ ಹೊಡೆಯೋನಾದ್ರೆ, 25 ಹೊಡೆಯೋನಿಗೆ ನೀವು ದುಡ್ಡು ಕೊಡೋದು 25ಕ್ಕಲ್ಲ, ಮೇಲಿನ 13ಕ್ಕೆ. ಮೊದಲ 12 ಹೆಚ್ಚುಕಡಿಮೆ ಪುಕ್ಕಟೆ.

ಈ ಕೊನೆಯವನು ಪ್ರತಿ ಜಾಗಕ್ಕೂ ಬೇರೆ. ಹಳೇ ನಿಯಮದಲ್ಲಿ ಒಂದೊಂದು ತಂಡಕ್ಕೂ ಇಬ್ಬರು ಕ್ಯಾಚರ್ ಬೇಕು. 12 ತಂಡಕ್ಕೆ 24 ಜನ. ಆದ್ರೆ ಆಗ ಇಡೀ ಅಮೆರಿಕನ್ ಲೀಗಿನಲ್ಲಿ ಇದ್ದಿದ್ದೇ 14 ನಿಜವಾದ ತಂಡ! ಆ ಲೀಗಿನ ಆಟಗಾರರನ್ನಷ್ಟೇ ಕೊಳ್ಳೋ ಹರಾಜಲ್ಲಿ ಹತ್ತು ಫ್ಯಾಂಟಸಿ ಜಾಗಕ್ಕೆ ಬೆಂಚಿನ ಮೇಲೆ ಕೂರೋ ಕ್ಯಾಚರೇ ಗತಿ. ಹಾಗಾಗಿ ಸಾಧಾರಣವಾಗಿ ಬ್ಯಾಟ್ ಮಾಡೋ ಕ್ಯಾಚರ್ ಕೂಡ ದುಬಾರಿ. ಅವನ ಆಟ ಬದಲಾಗಿಲ್ಲ, ಅವನ ಹಿಂದೆ ನಿಂತಿರೋ ಸಾಲು ಬಡವಾಗಿದೆ.

6/7
ಉಳಿದಿದ್ದು ಒಂದೇ ತೊಡಕು. ಹೋಮ್ ರನ್ನನ್ನೂ ಕದ್ದ ಬೇಸನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಹೇಗೆ?

1980ರ ದಶಕದಲ್ಲಿ ಇದು ಬರೀ ತಮಾಷೆಯ ಪ್ರಶ್ನೆ ಆಗಿರಲಿಲ್ಲ. 1986ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವಿನ್ಸ್ ಕೋಲ್ಮನ್ 107 ಬೇಸ್ ಕದ್ದ. ಹೋಮ್ ರನ್? ಸೊನ್ನೆ. ಇಂಥವನಿಗೆ ಏನು ಬೆಲೆ ಕಟ್ತೀರಿ?

1997ರಲ್ಲಿ ಆರ್ಟ್ ಮೆಕ್‌ಗೀ ರೊಟಿಸರಿ ಆಟಗಾರರಿಗೆ ಬೆಲೆ ಕಟ್ಟೋದು ಹೇಗೆ ಅಂತಲೇ ಒಂದು ಪುಸ್ತಕ ತಂದರು. ಅದರ ತಿರುಳು ಹೀಗೆ: ಅಂಕಿಯನ್ನು ನೋಡಬೇಡಿ, ಆ ಅಂಕಿ ನಿಮ್ಮನ್ನು ಪಟ್ಟಿಯಲ್ಲಿ ಎಷ್ಟು ಮೆಟ್ಟಿಲು ಹತ್ತಿಸುತ್ತೆ ನೋಡಿ.

ಒಂದು ಉದಾಹರಣೆ ಮಾಡೋಣ, ಅಂಕಿ ನನ್ನವು. ನಿಮ್ಮ ಲೀಗಿನಲ್ಲಿ ಒಂದು ಸ್ಥಾನ ಮೇಲೇರೋಕೆ ಸರಾಸರಿ 8 ಹೋಮ್ ರನ್ ಬೇಕು, ಕದ್ದ ಬೇಸ್ ಆದ್ರೆ 6 ಸಾಕು. 1 ಡಾಲರಿನ ಆಟಗಾರ 12 ಹೋಮ್ ರನ್, 4 ಕದ್ದ ಬೇಸ್ ತರ್ತಾನೆ.

ಹೊಡೆತಗಾರ: 32 ಹೋಮ್ ರನ್, 4 ಬೇಸ್. ಹೆಚ್ಚುವರಿ 20 ಹೋಮ್ ರನ್, ಅಂದ್ರೆ ಎರಡೂವರೆ ಮೆಟ್ಟಿಲು.
ಓಟಗಾರ: 3 ಹೋಮ್ ರನ್, 40 ಬೇಸ್. ಬೇಸಿನಲ್ಲಿ 6 ಮೆಟ್ಟಿಲು ಮೇಲೆ, ಹೋಮ್ ರನ್ನಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಕೆಳಗೆ. ಉಳಿದಿದ್ದು ಹತ್ತಿರ ಹತ್ತಿರ 5.

ಈ ಎರಡೇ ವಿಭಾಗದಲ್ಲಿ ನೋಡಿದ್ರೆ ಓಟಗಾರ ದುಪ್ಪಟ್ಟು ಬೆಲೆಯವನು. ಉಳಿದ ವಿಭಾಗ ಸೇರಿಸಿದಾಗ ಅಂತರ ಕಡಿಮೆಯಾಗಬಹುದು, ಆದ್ರೆ ಈಗ ಇಬ್ಬರನ್ನೂ ಒಂದೇ ಅಳತೆಯಲ್ಲಿ ಇಡಬಹುದು. ಎಲ್ಲರ ಹೆಚ್ಚುವರಿ ಮೆಟ್ಟಿಲುಗಳನ್ನು ಕೂಡಿ, ಆ 2,844 ಡಾಲರನ್ನು ಹಂಚಿದ್ರೆ ಬೆಲೆಪಟ್ಟಿ ಸಿದ್ಧ. ಒಂದು ಎಚ್ಚರಿಕೆ: ಒಂದನೇ ಸ್ಥಾನಕ್ಕೆ ಬಂದ ಮೇಲೆ ಇನ್ನೂ ಬೇಸ್ ಕದ್ರೆ ಸಿಗೋದು ಸೊನ್ನೆ.

7/7
ಹಾಗಾದ್ರೆ ಪಟ್ಟಿ ಹಿಡ್ಕೊಂಡು ಹೋದವರೆಲ್ಲ ಗೆದ್ರಾ? ಇಲ್ಲ.

ಹಳೇ ಆಟಗಾರರನ್ನು ಹಳೇ ಬೆಲೆಗೇ ಉಳಿಸಿಕೊಳ್ಳೋ ಲೀಗುಗಳಿವೆ. ಅಲ್ಲಿ 1,000 ಡಾಲರ್ ಬಾಳೋ ಆಟಗಾರರನ್ನು ಎಲ್ಲರೂ ಸೇರಿ 600ಕ್ಕೆ ಉಳಿಸಿಕೊಂಡ್ರು ಅಂತಿಟ್ಕೊಳ್ಳಿ. ಪೇಟೆಯಲ್ಲಿ ಉಳಿದ ದುಡ್ಡು 2,520, ಉಳಿದ ಸರಕು 2,120ರದ್ದು. ನಿಮ್ಮ ಪಟ್ಟಿಯಲ್ಲಿ 30 ಅಂತಿರೋ ಆಟಗಾರ ಅಲ್ಲಿ 36ರ ಹತ್ತಿರ ಹೋಗ್ತಾನೆ. "ದುಬಾರಿಯಾಯ್ತು" ಅಂತ ಸುಮ್ಮನೆ ಕೂತವರು ಕೊನೆಗೆ ಜೇಬಲ್ಲಿ ದುಡ್ಡಿಟ್ಕೊಂಡು ಬರೀ 1 ಡಾಲರಿನವರನ್ನು ಕೊಂಡು ಮನೆಗೆ ಹೋಗ್ತಾರೆ. ಉಳಿದ ದುಡ್ಡಿಗೆ ಅಂಕ ಇಲ್ಲ.

2008ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಐಪಿಎಲ್‌ನ ಮೊದಲ ಹರಾಜು ನಡೀತಲ್ಲ, ಅಲ್ಲಿ ತಂಡದ ಮಿತಿ 50 ಲಕ್ಷ ಡಾಲರ್. ಧೋನಿಗೆ ಚೆನ್ನೈ ಕೊಟ್ಟಿದ್ದು 15 ಲಕ್ಷ. ನೂರಕ್ಕೆ ಮೂವತ್ತು! ಜಾಸ್ತಿಯಾಯ್ತಾ ಅಂತ ಆಗ ಎಲ್ಲರೂ ಮಾತಾಡಿದ್ರು. ಕೇಳಬೇಕಿದ್ದ ಪ್ರಶ್ನೆ ಮಾತ್ರ ಅದೇ ರೊಟಿಸರಿ ಪ್ರಶ್ನೆ: ಅವನನ್ನು ಬಿಟ್ರೆ ಆ ಜಾಗಕ್ಕೆ ಯಾರು ಸಿಗ್ತಾರೆ, ಉಳಿದ ದುಡ್ಡಲ್ಲಿ ಉಳಿದವರು ಸಿಗ್ತಾರಾ?

ಕೊನೆಗೊಂದು ಮಾತು. ಇಷ್ಟೆಲ್ಲಕ್ಕೂ ದಾರಿ ಮಾಡಿಕೊಟ್ಟ ಓಕ್ರೆಂಟ್, ತಾವೇ ಕಟ್ಟಿದ ಆ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ. ಮೇಜಿನ ಸುತ್ತ ಕೂತಿದ್ದ ಸ್ನೇಹಿತರೂ ಲೆಕ್ಕ ಕಲಿತಿದ್ದರು.

ಈ ಸಲ ಹರಾಜು ನೋಡುವಾಗ ಹೆಸರು ಕೂಗಿದ ತಕ್ಷಣ ಬೆಲೆ ಹೇಳಬೇಡಿ. ಮೊದಲು ಅದೇ ಜಾಗಕ್ಕೆ ಇನ್ನೂ ಯಾರು ಯಾರು ಉಳಿದಿದ್ದಾರೆ ಅಂತ ಎಣಿಸಿ. ನಿಮ್ಮ ಪ್ರಕಾರ ಐಪಿಎಲ್‌ನಲ್ಲಿ ಅತಿ ದುಬಾರಿಯಾದವರು ಯಾರು, ಅಗ್ಗಕ್ಕೆ ಸಿಕ್ಕವರು ಯಾರು? ಕಾಮೆಂಟಲ್ಲಿ ಬರೀರಿ, ಲೆಕ್ಕದ ಜೊತೆಗೆ. ಸೇವ್ ಮಾಡಿಟ್ಕೊಳ್ಳಿ, ಹರಾಜಿನ ದಿನ ಬೇಕಾಗುತ್ತೆ.

#ಆಟದಇತಿಹಾಸ #ಬೇಸ್‌ಬಾಲ್ #ಹರಾಜು #ಕನ್ನಡ