ಬೀಟ್ ಪೊಲೀಸ್ ಮತ್ತು ಬಂದಿ ಭೇಟಿ (ದಾವಣಗೆರೆ, ಹರಿಹರ)

ಠಾಣಾ ವ್ಯಾಪ್ತಿಯನ್ನು ಬೀಟುಗಳಾಗಿ ಹಂಚಿ ಜನರೊಡನೆ ಸಂಪರ್ಕ ಇರಿಸಿಕೊಳ್ಳುವ ಪೊಲೀಸ್ ಕ್ರಮ ಹಾಗೂ ಬಂದಿಗಳು ಕುಟುಂಬದವರನ್ನು, ವಕೀಲರನ್ನು ಕಾಣುವ ಕಾರಾಗೃಹ ವ್ಯವಸ್ಥೆ. ಅಮೆರಿಕದ ಅನೇಕ ಕೌಂಟಿಗಳಲ್ಲಿ ಇವೆರಡೂ ಶೆರಿಫನ ಹೊಣೆ. ಕರ್ನಾಟಕದಲ್ಲಿ ಪೊಲೀಸ್ ಮತ್ತು ಕಾರಾಗೃಹ ಬೇರೆ ಬೇರೆ ಇಲಾಖೆಗಳು.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರವೂ ಅದಕ್ಕೆ ಸೇರಿತು. ಜಿಲ್ಲಾ ಪೊಲೀಸಿನ ಮುಖ್ಯಸ್ಥರು ಪೊಲೀಸ್ ವರಿಷ್ಠಾಧಿಕಾರಿ. 2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಬೀಟ್ ಪದ್ಧತಿಯಲ್ಲಿ ಪ್ರತಿ ಬೀಟಿಗೂ ಒಬ್ಬ ಸಿಬ್ಬಂದಿ ಹೊಣೆ. ಊರಿನ ನಾಗರಿಕರೂ ಬೀಟ್ ಸದಸ್ಯರು. ಮೊದಲು ರಾತ್ರಿ ಗಸ್ತಿನ ಪೇದೆ ಗೊತ್ತುಪಡಿಸಿದ ಜಾಗದಲ್ಲಿಟ್ಟ ಪುಸ್ತಕಕ್ಕೆ ಸಹಿ ಹಾಕಿ ಮುಂದೆ ಸಾಗುತ್ತಿದ್ದರು. ‘ಸುಬಾಹು’ ಇ-ಬೀಟ್ ತಂತ್ರಾಂಶದಲ್ಲಿ ಮೊಬೈಲಿನಲ್ಲೇ ಹಾಜರಿ ದಾಖಲಾಗುತ್ತದೆ. 2025ರ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಸಿಬ್ಬಂದಿಯನ್ನು ಮನೆಬಾಗಿಲಿಗೇ ಕಳುಹಿಸಿತು. ಠಾಣೆಯ ಮೆಟ್ಟಿಲು ಹತ್ತಲು ಅಂಜುವವರಿಗೆ ಇದೇ ಹೆಚ್ಚು ಉಪಯುಕ್ತ.

ದಾವಣಗೆರೆಯ ಕಾರಾಗೃಹ ರಾಜ್ಯದ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಗೆ ಸೇರಿದೆ. ಭೇಟಿಗೆ ಗುರುತಿನ ಚೀಟಿ, ಬಂದಿಯೊಡನೆ ಇರುವ ಸಂಬಂಧದ ವಿವರ ಬೇಕು. ತಂದ ವಸ್ತುಗಳ ತಪಾಸಣೆ ನಡೆಯುತ್ತದೆ. ಕೇಂದ್ರದ ‘ಇ-ಮುಲಾಖಾತ್’ ಜಾಲತಾಣದಲ್ಲಿ ಭೇಟಿಗೆ ಮುಂಚಿತವಾಗಿ ಹೆಸರು ನೋಂದಾಯಿಸಬಹುದು; ವಿಡಿಯೊ ಭೇಟಿಗೂ ಅಲ್ಲಿ ಅವಕಾಶವುಂಟು. ದಿನದ ಕೂಲಿ ಬಿಟ್ಟು ದೂರದಿಂದ ಬರಬೇಕಾದ ಮನೆಯವರಿಗೆ ಇದು ದೊಡ್ಡ ಅನುಕೂಲ. ವಕೀಲರಿಲ್ಲದ ಬಂದಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ.

ಬಂದಿ ಭೇಟಿ ಕೇವಲ ರಿಯಾಯಿತಿಯಲ್ಲ. ಕುಟುಂಬದವರನ್ನು, ವಕೀಲರನ್ನು ಕಾಣುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ತೀರ್ಪಿತ್ತಿದೆ.